ಬೀದಿಬದಿಯ ಮರದಲ್ಲಿ ಕೊವಾಲಾ: ಅಕ್ಕಪಕ್ಕದ ಮನೆಯವರು ಏನು ಮಾಡಬಹುದು?

ಸುಮಾ, ರೆಡ್‌ಲ್ಯಾಂಡ್ಸ್

ಎಲ್ಲರಿಗೂ ನಮಸ್ಕಾರ. ಊರಿಂದ ಅಪ್ಪ ಅಮ್ಮ ಬಂದರೆ ನಾವೆಲ್ಲ ಮೊದಲು ಬ್ರಿಸ್ಬೇನ್‌ನ ಲೋನ್ ಪೈನ್ ಪ್ರಾಣಿಧಾಮಕ್ಕೆ ಕರೆದುಕೊಂಡು ಹೋಗಿ ಕೊವಾಲಾ ತೋರಿಸುತ್ತೇವೆ. ಆದರೆ ಬ್ರಿಸ್ಬೇನ್‌ನ ಪೂರ್ವ, ದಕ್ಷಿಣದ ಕಡೆ ಮನೆ ಮಾಡಿರುವವರ ಹಿತ್ತಲಿನ ಮರಕ್ಕೇ ಕಾಡಿನ ಕೊವಾಲಾ ಬಂದು ಕೂರುತ್ತದೆ. ಅದು ಬಂದಾಗ ಏನು ಮಾಡಬೇಕು, ಏನು ಮಾಡಬಾರದು ಅಂತ ನಮ್ಮವರಲ್ಲಿ ಎಷ್ಟೋ ಜನಕ್ಕೆ ಯಾರೂ ಹೇಳಿಕೊಟ್ಟಿಲ್ಲ. ಅದಕ್ಕೇ ಈ ಚರ್ಚೆ ಶುರು ಮಾಡುತ್ತಿದ್ದೇನೆ.

ಪರಿಸ್ಥಿತಿ ನಿಜಕ್ಕೂ ಕೆಟ್ಟಿದೆ. 2022ರ ಫೆಬ್ರವರಿಯಲ್ಲಿ ಕ್ವೀನ್ಸ್‌ಲ್ಯಾಂಡ್, ನ್ಯೂ ಸೌತ್ ವೇಲ್ಸ್ ಮತ್ತು ಕ್ಯಾನ್‌ಬೆರಾ ಪ್ರದೇಶದ ಕೊವಾಲಾಗಳನ್ನು ಆಸ್ಟ್ರೇಲಿಯಾದ ಕೇಂದ್ರ ಸರ್ಕಾರ ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ನಮ್ಮ ರೆಡ್‌ಲ್ಯಾಂಡ್, ಲೋಗನ್, ಬ್ರಿಸ್ಬೇನ್‌ನ ಆಗ್ನೇಯ ಭಾಗ ಸೇರಿಸಿ ಕೊವಾಲಾ ಕೋಸ್ಟ್ ಅನ್ನುತ್ತಾರೆ. ಇಲ್ಲಿ 1996ರಿಂದ 2014ರ ಒಳಗೆ ಅವುಗಳ ಸಂಖ್ಯೆ ಸುಮಾರು ಶೇ 80ರಷ್ಟು ಕುಸಿಯಿತು. ಹೆಸರೇ ಕೊವಾಲಾ ಕೋಸ್ಟ್, ಅಲ್ಲೇ ಹೀಗೆ.

ಕಾರಣ ಒಂದೇ ಅಲ್ಲ. ಮರ ಕಡಿದು ಬಡಾವಣೆ ಮಾಡುವುದು ಮೊದಲನೆಯದು. ಉಳಿದ ಮರಗಳು ಒಂದಕ್ಕೊಂದು ದೂರವಾದಾಗ ಕೊವಾಲಾ ನೆಲಕ್ಕೆ ಇಳಿದು ನಡೆಯಲೇಬೇಕು. ಇಳಿದ ತಕ್ಷಣ ಎದುರಾಗುವುದು ಕಾರು, ನಾಯಿ, ಬೇಲಿ, ಈಜುಕೊಳ. ಜೊತೆಗೆ ಕ್ಲಮಿಡಿಯಾ ಅನ್ನುವ ಬ್ಯಾಕ್ಟೀರಿಯಾ ಸೋಂಕು ಬೇರೆ.

ಇಷ್ಟು ವರ್ಷ ಇಲ್ಲಿದ್ದು ನನಗೆ ಅನಿಸಿರುವುದು ಇದು. ದೇಣಿಗೆ ಕೊಡುವುದು, ಗೊಂಬೆ ಕೊಳ್ಳುವುದು ಎಲ್ಲ ಇರಲಿ. ಒಂದು ಮರದಿಂದ ಇನ್ನೊಂದು ಮರಕ್ಕೆ ಕೊವಾಲಾ ಕ್ಷೇಮವಾಗಿ ಹೋಗುವ ದಾರಿ ಉಳಿಯಬೇಕು. ಆ ದಾರಿ ನಮ್ಮ ಹಿತ್ತಲುಗಳಲ್ಲೇ ಹಾದು ಹೋಗುತ್ತದೆ. ಕೊವಾಲಾ ಓಡಾಡುವುದು ರಾತ್ರಿ. ಆಗ ಅಲ್ಲಿ ಇರುವವರು ನಾವೇ, ಯಾವ ಅಧಿಕಾರಿಯೂ ಇರುವುದಿಲ್ಲ. ನಿಮ್ಮ ನಿಮ್ಮ ಊರಿನಲ್ಲಿ ಏನೇನು ನಡೆದಿದೆ ಹೇಳಿ.

ಪ್ರವೀಣ್, ಲೋಗನ್

ಸುಮಾ ಅವರೇ, ಒಳ್ಳೆಯ ವಿಷಯ. ನಮ್ಮ ಮನೆಯಲ್ಲಿ ಲ್ಯಾಬ್ರಡಾರ್ ಇದೆ. ತುಂಬಾ ಸಾಧು. ಹಿತ್ತಲಿನಲ್ಲೇ ಮಲಗುತ್ತದೆ. ಹಿಂದಿನ ಮರಕ್ಕೆ ಕೊವಾಲಾ ಬರುತ್ತದೆ ಅಂತ ಪಕ್ಕದ ಮನೆಯವರು ಹೇಳಿದರು. ಇದರಿಂದ ತೊಂದರೆ ಇದೆಯಾ?

ವೀಣಾ, ಪಶುವೈದ್ಯೆ, ಸನ್‌ಶೈನ್ ಕೋಸ್ಟ್

ಪ್ರವೀಣ್, ಇದೆ. ನಾಯಿ ಸಾಧುವೋ ಅಲ್ಲವೋ ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಆಟಕ್ಕೆ ಬಾಯಿ ಹಾಕಿದರೂ ಸಾಕು. ಮೇಲೆ ಗಾಯವೇ ಕಾಣುವುದಿಲ್ಲ, ಒಳಗೆ ಪಕ್ಕೆಲುಬು ಮುರಿದಿರುತ್ತದೆ, ಶ್ವಾಸಕೋಶಕ್ಕೆ ಪೆಟ್ಟಾಗಿರುತ್ತದೆ. ಕೊವಾಲಾ ಮರ ಹತ್ತಿ ಕೂತುಬಿಡುತ್ತದೆ, ಮನೆಯವರು "ಏನೂ ಆಗಿಲ್ಲ ಬಿಡಿ" ಅಂದುಕೊಳ್ಳುತ್ತಾರೆ. ಆಮೇಲೆ ಸಾಯುತ್ತದೆ. ಆದ್ದರಿಂದ ನಾಯಿ ಮುಟ್ಟಿದೆ ಅಂತ ಗೊತ್ತಾದರೆ, ಕೊವಾಲಾ ಚೆನ್ನಾಗಿ ಕಂಡರೂ ರಕ್ಷಣಾ ತಂಡಕ್ಕೆ ಫೋನ್ ಮಾಡಲೇಬೇಕು.

ಪರಿಹಾರ ಸುಲಭ. ಕತ್ತಲಾದ ಮೇಲೆ ನಾಯಿಯನ್ನು ಮನೆಯೊಳಗೆ, ಇಲ್ಲವೇ ಗ್ಯಾರೇಜಿನಲ್ಲಿ ಮಲಗಿಸಿ. ಚಳಿಗಾಲದ ಕೊನೆಯಿಂದ ಬೇಸಿಗೆಯವರೆಗೆ ಇದು ತಪ್ಪಲೇಬಾರದು. ಅದು ಕೂಡುವ ಕಾಲ. ಗಂಡುಗಳು ಹೆಣ್ಣು ಹುಡುಕಿಕೊಂಡು ಅಲೆಯುತ್ತವೆ. ತಾಯಿಯಿಂದ ಬಿಡಿಸಿಕೊಂಡ ಮರಿಗಳೂ ಹೊಸ ಜಾಗ ಹುಡುಕುತ್ತಾ ನೆಲದ ಮೇಲೆ ಓಡಾಡುತ್ತಿರುತ್ತವೆ.

ಸುಮಾ, ರೆಡ್‌ಲ್ಯಾಂಡ್ಸ್

ನಾಯಿಯ ವಿಷಯದಲ್ಲಿ ನಮ್ಮ ಊರಿನ ಒಂದು ಉದಾಹರಣೆ ಹೇಳಬೇಕು. ರೆಡ್‌ಲ್ಯಾಂಡ್ ಸಿಟಿ ಕೌನ್ಸಿಲ್ ಮತ್ತು ಗ್ರಿಫಿತ್ ಯೂನಿವರ್ಸಿಟಿಯವರು ಸೇರಿ "ಲೀವ್ ಇಟ್" ಅಂತ ಒಂದು ಕಾರ್ಯಕ್ರಮ ಮಾಡಿದರು. ನಾಯಿ ಸಾಕಿದವರ ಹತ್ತಿರ ಮೊದಲು ಹೋಗಿ "ನಿಮಗೆ ಏನು ಬೇಕು" ಅಂತ ಕೇಳಿದರು. ಅವರಿಗೆ ಬೇಕಿದ್ದದ್ದು ನಾಯಿಗೆ ಒಳ್ಳೆಯ ತರಬೇತಿ. ಕೊವಾಲಾ ಸಾಯುತ್ತಿದೆ ಅಂತ ಭಾಷಣ ಬೇಕಿರಲಿಲ್ಲ. ಹಾಗಾಗಿ ಹೇಳಿದ ಮಾತು ಕೇಳುವುದು, ಕರೆದರೆ ಬರುವುದು, ಕಂಡದ್ದನ್ನು ಮುಟ್ಟದೆ ಬಿಡುವುದು ಇವನ್ನೇ ಕಲಿಸಿದರು. ಅದರಲ್ಲೇ ಕೊವಾಲಾವೂ ಉಳಿಯುವ ದಾರಿ ಇತ್ತು.

ನನಗೆ ಇದು ತುಂಬಾ ಹಿಡಿಸಿತು. ಜನರನ್ನು ಅಪರಾಧಿಗಳ ಹಾಗೆ ಕಂಡರೆ ಅವರು ಬಾಗಿಲು ಹಾಕಿಕೊಳ್ಳುತ್ತಾರೆ. ಅವರಿಗೂ ಉಪಯೋಗ ಆಗುವುದನ್ನು ಕೊಟ್ಟರೆ ಬೀದಿಯೇ ಜೊತೆಗೆ ಬರುತ್ತದೆ.

ಗಿರೀಶ್, ಕೋಲಾರ

ನಾನು ಆಸ್ಟ್ರೇಲಿಯಾದಲ್ಲಿ ಇಲ್ಲ, ಸುಮ್ನೆ ಓದುತ್ತಿದ್ದೆ. ಕೊವಾಲಾ ತಿನ್ನುವುದು ನೀಲಗಿರಿ ಎಲೆ ತಾನೇ? ನಮ್ಮ ಜಿಲ್ಲೆಯಲ್ಲಿ ನೀಲಗಿರಿ ತೋಪು ಅಂದರೆ ರೈತರು ಸಿಡಿದೇಳುತ್ತಾರೆ. ಅಂತರ್ಜಲ ಬತ್ತಲು ಅದೇ ಕಾರಣ ಅಂತ ಹೋರಾಟ ನಡೆದು 2017ರಲ್ಲಿ ಸರ್ಕಾರ ಹೊಸದಾಗಿ ಬೆಳೆಸುವುದನ್ನೇ ನಿಷೇಧಿಸಿತು. ಅಲ್ಲಿ ನೀವು ಅದೇ ಮರ ಉಳಿಯಬೇಕು ಅನ್ನುತ್ತಿದ್ದೀರಿ. ಸ್ವಲ್ಪ ಬಿಡಿಸಿ ಹೇಳಿ.

ಸುಮಾ, ರೆಡ್‌ಲ್ಯಾಂಡ್ಸ್

ಗಿರೀಶ್ ಸರ್, ಒಳ್ಳೆಯ ಪ್ರಶ್ನೆ. ನಮ್ಮ ಬಯಲುಸೀಮೆಯ ತೋಪುಗಳಲ್ಲಿ ಹೆಚ್ಚಾಗಿ ಇರುವುದು ಯೂಕಲಿಪ್ಟಸ್ ಟೆರೆಟಿಕಾರ್ನಿಸ್ ಜಾತಿ. ಹೊರಗಿನವರು ಅದನ್ನು ಮೈಸೂರು ಗಮ್ ಅಂತಲೂ ಕರೆಯುತ್ತಾರೆ. ಅದೇ ಮರ ಇಲ್ಲಿ ಫಾರೆಸ್ಟ್ ರೆಡ್ ಗಮ್. ನಮ್ಮ ಕಡೆಯ ಕೊವಾಲಾಗೆ ಬಲು ಇಷ್ಟದ ಮೇವು. ಇಲ್ಲಿ ಅದು ಹುಟ್ಟಿದ ಮಣ್ಣಿನಲ್ಲಿ, ಬೇರೆ ಮರಗಳ ನಡುವೆ, ನೂರಾರು ವರ್ಷ ಬಾಳುತ್ತದೆ. ನಮ್ಮಲ್ಲಿ ಒಂದೇ ಜಾತಿಯನ್ನು ಒತ್ತೊತ್ತಾಗಿ ನೆಟ್ಟು, ಕೆಲವೇ ವರ್ಷಕ್ಕೆ ಕಡಿದು ಮಾರುತ್ತೇವೆ. ಕೋಲಾರದ ರೈತರ ಸಿಟ್ಟು ನ್ಯಾಯವಾದದ್ದೇ. ಮರ ತನ್ನ ಊರಿನಲ್ಲಿದ್ದರೆ ಚಂದ.

ಇನ್ನೊಂದು ವಿಷಯ. ಆಸ್ಟ್ರೇಲಿಯಾದಲ್ಲಿ ನೀಲಗಿರಿ ಜಾತಿಗಳು 700ಕ್ಕೂ ಹೆಚ್ಚಿವೆ. ಕೊವಾಲಾ ಎಲ್ಲವನ್ನೂ ತಿನ್ನುವುದಿಲ್ಲ. ಒಂದೊಂದು ಪ್ರದೇಶದಲ್ಲಿ ಕೆಲವೇ ಜಾತಿ ಆರಿಸಿಕೊಳ್ಳುತ್ತದೆ. ಅದರಲ್ಲೂ ಒಂದು ಮರದ ಎಲೆ ತಿಂದು, ಪಕ್ಕದ ಅದೇ ಜಾತಿಯ ಮರವನ್ನು ಮೂಸಿ ಬಿಟ್ಟುಬಿಡಬಹುದು. ಎಲೆಯಲ್ಲಿ ವಿಷ ಕಡಿಮೆ ಇರಬೇಕು, ನೀರು ಮತ್ತು ಸಾರಜನಕ ಜಾಸ್ತಿ ಇರಬೇಕು. ಅಂಥ ಎಲೆ ಬರುವುದು ಫಲವತ್ತಾದ ಮಣ್ಣಿನಲ್ಲಿ. ಆ ಮಣ್ಣನ್ನೇ ಮನುಷ್ಯರು ಮೊದಲು ಹೊಲಕ್ಕೆ, ಆಮೇಲೆ ಸೈಟಿಗೆ ತೆಗೆದುಕೊಂಡರು. ಕೊವಾಲಾದ ಕಷ್ಟದ ಬೇರು ಇರುವುದು ಇಲ್ಲೇ.

ಗಿರೀಶ್, ಕೋಲಾರ

ಅರ್ಥ ಆಯಿತು ಮೇಡಂ. ನಮ್ಮ ತೋಪಿನ ಬಗ್ಗೆ ಇರುವ ಕೋಪವನ್ನು ಆ ಮರದ ಮೇಲೆ ಇಟ್ಟುಕೊಳ್ಳಬಾರದು ಅನ್ನಿ.

ರಾಘವೇಂದ್ರ, ಕ್ಯಾಂಬೆಲ್‌ಟೌನ್

ನನ್ನದು ಸ್ವಲ್ಪ ಖಾರವಾದ ಮಾತು, ಬೇಜಾರು ಮಾಡಿಕೊಳ್ಳಬೇಡಿ. ನಾಯಿ ಕಟ್ಟಿ, ಗಿಡ ನೆಡಿ ಅಂತ ಮನೆಮನೆಗೆ ಹೇಳುತ್ತಾ ಇರುತ್ತೇವೆ. ಆ ಕಡೆ ಒಂದೇ ಅನುಮತಿಯಲ್ಲಿ ದೊಡ್ಡ ಕಾಡು ಬೋಳಾಗುತ್ತದೆ. 2020ರಲ್ಲಿ ನ್ಯೂ ಸೌತ್ ವೇಲ್ಸ್ ಸಂಸತ್ತಿನ ಸಮಿತಿಯೇ ಹೇಳಿತು: ಹೀಗೇ ಬಿಟ್ಟರೆ 2050ರೊಳಗೆ ಈ ರಾಜ್ಯದ ಕಾಡಿನಲ್ಲಿ ಕೊವಾಲಾ ಇರುವುದಿಲ್ಲ. ಇದು ಸರ್ಕಾರ ಮಾಡಬೇಕಾದ ಕೆಲಸ. ಜನರ ತಲೆಗೆ ಕಟ್ಟಿದರೆ ಹೇಗೆ?

ಸುಮಾ, ರೆಡ್‌ಲ್ಯಾಂಡ್ಸ್

ರಾಘವೇಂದ್ರ ಅವರೇ, ನಿಮ್ಮ ಮಾತಿನಲ್ಲಿ ಸತ್ಯ ಇದೆ. ಕಾಡು ಕಡಿಯುವುದನ್ನು ನಿಲ್ಲಿಸದೆ ಮಿಕ್ಕ ಯಾವ ಕೆಲಸವೂ ಫಲ ಕೊಡುವುದಿಲ್ಲ. ಆದರೆ ಸರ್ಕಾರ ತಾನಾಗಿ ಎದ್ದು ಮಾಡಿದ್ದು ಯಾವಾಗ?

1927ರ ಕಥೆ ಕೇಳಿ. ಆಗ ಕೊವಾಲಾ ತುಪ್ಪಳಕ್ಕೆ ವಿದೇಶದಲ್ಲಿ ಬೇಡಿಕೆ. ಕ್ವೀನ್ಸ್‌ಲ್ಯಾಂಡ್ ಸರ್ಕಾರ ಆ ವರ್ಷ ಆಗಸ್ಟ್ ತಿಂಗಳು ಬೇಟೆಗೆ ಬಿಟ್ಟುಕೊಟ್ಟಿತು. ಒಂದೇ ತಿಂಗಳಲ್ಲಿ 5 ಲಕ್ಷಕ್ಕೂ ಹೆಚ್ಚು ಕೊವಾಲಾಗಳನ್ನು ಕೊಂದರು. ಜನ ಪತ್ರಿಕೆಗಳಿಗೆ ಬರೆದರು, ಚರ್ಚಿನವರು, ಶಾಲೆಯವರು, ನಿಸರ್ಗ ಪ್ರೇಮಿಗಳು ಎಲ್ಲ ಎದ್ದು ನಿಂತರು. ಆ ಕಪ್ಪು ಆಗಸ್ಟ್ ಆದಮೇಲೆ ಇಲ್ಲಿ ಮತ್ತೆಂದೂ ಕೊವಾಲಾ ಬೇಟೆಗೆ ಅನುಮತಿ ಸಿಗಲಿಲ್ಲ. ಅದನ್ನು ನಿಲ್ಲಿಸಿದ್ದು ಊರಿನ ಜನರ ಕೋಪ.

ಅನಿತಾ, ಕಾಫ್ಸ್ ಹಾರ್ಬರ್

ಇದಕ್ಕೆ ನಮ್ಮ ಕಡೆಯ ಹೊಸ ಉದಾಹರಣೆ ಸೇರಿಸುತ್ತೇನೆ. ಗ್ರೇಟ್ ಕೊವಾಲಾ ನ್ಯಾಷನಲ್ ಪಾರ್ಕ್ ಬೇಕು ಅಂತ ಇಲ್ಲಿನ ಜನ ಹತ್ತು ವರ್ಷಕ್ಕೂ ಮೇಲೆ ಪಟ್ಟು ಹಿಡಿದಿದ್ದರು. ಸಹಿ ಸಂಗ್ರಹ, ಸಭೆ, ಕಾಡಿನ ದಾರಿಯಲ್ಲಿ ಧರಣಿ ಎಲ್ಲ ಆಯಿತು. ನ್ಯೂರಿ ಸ್ಟೇಟ್ ಫಾರೆಸ್ಟ್‌ನಲ್ಲಿ ಮರ ಕಡಿಯಲು ಬಂದಾಗ ಈ ನೆಲದ ಮೂಲ ಜನರಾದ ಗುಂಬಯಿಂಗಿರ್ ಹಿರಿಯರೇ ಮುಂದೆ ನಿಂತು ವಿರೋಧಿಸಿದರು. ಕಡೆಗೆ 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ 1.76 ಲಕ್ಷ ಹೆಕ್ಟೇರ್ ಸರ್ಕಾರಿ ಅರಣ್ಯವನ್ನು ಪಾರ್ಕಿಗೆ ಸೇರಿಸುವುದಾಗಿ ಹೇಳಿ, ಅಲ್ಲಿ ಮರ ಕಡಿಯುವುದನ್ನು ನಿಲ್ಲಿಸಿತು. ಈಗಾಗಲೇ ಇದ್ದ ಪಾರ್ಕುಗಳ ಜೊತೆ ಸೇರಿದರೆ 4.76 ಲಕ್ಷ ಹೆಕ್ಟೇರ್ ಆಗುತ್ತದೆ.

ಮಂಜುನಾಥ, ಶೃಂಗೇರಿ

ಅನಿತಕ್ಕ, ಮರದ ಮಿಲ್ಲಿನವರ ಕಥೆ ಏನು? ನಾವು ಮಲೆನಾಡಿನವರು ಪಾರ್ಕು ಅಂದ ತಕ್ಷಣ ಮೊದಲು ಕೇಳುವುದು ಅದನ್ನೇ. ಕುದುರೆಮುಖದ ಸುತ್ತ ಏನೇನಾಯಿತು ಅಂತ ಕಣ್ಣಾರೆ ಕಂಡವರು.

ಅನಿತಾ, ಕಾಫ್ಸ್ ಹಾರ್ಬರ್

ಕೇಳಲೇಬೇಕಾದ ಪ್ರಶ್ನೆ ಮಂಜುನಾಥ್. ಆರು ಮಿಲ್ಲು, ಸುಮಾರು 300 ಕೆಲಸಗಾರರಿಗೆ ಪೆಟ್ಟು ಬೀಳುತ್ತದೆ ಅಂತ ಸರ್ಕಾರವೇ ಒಪ್ಪಿಕೊಂಡಿತು. ಅವರ ಸಂಬಳಕ್ಕೆ, ಹೊಸ ಕೆಲಸ ಕಲಿಯಲು ನೆರವು ಘೋಷಿಸಿತು. ಅದು ಸರಿಯಾಗಿ ಕೈಗೆ ಸೇರುತ್ತದೋ ಇಲ್ಲವೋ ಅಂತ ಕಾಯುವುದೂ ಪಾರ್ಕ್ ಕೇಳಿದವರ ಹೊಣೆ ಅಂತ ನಾನು ನಂಬುತ್ತೇನೆ. ಆ ಮನೆಗಳ ಮಕ್ಕಳೂ ನಮ್ಮ ಮಕ್ಕಳ ಜೊತೆಗೇ ಶಾಲೆಗೆ ಹೋಗುತ್ತಾರೆ. ಕೊವಾಲಾ ಉಳಿಸಿದೆವು ಅಂತ ಸಂಭ್ರಮಪಟ್ಟು ಅವರನ್ನು ಮರೆತರೆ ಊರು ಎರಡು ಪಾಲಾಗುತ್ತದೆ. ಮುಂದಿನ ಹೋರಾಟಕ್ಕೆ ಯಾರೂ ಬರುವುದಿಲ್ಲ.

ರಾಘವೇಂದ್ರ, ಕ್ಯಾಂಬೆಲ್‌ಟೌನ್

ಸರಿ, ಒಪ್ಪಿದೆ. ಹಾಗಾದರೆ ನಮ್ಮಂಥವರು ಮರ ಕಡಿಯುವ ಅರ್ಜಿ ಬಂದಾಗ ಏನು ಮಾಡಬೇಕು? ಕೌನ್ಸಿಲ್‌ಗೆ ಬರೆದರೆ ಓದುತ್ತಾರಾ?

ಸುಮಾ, ರೆಡ್‌ಲ್ಯಾಂಡ್ಸ್

ಓದುತ್ತಾರೆ, ಪುರಾವೆ ಇದ್ದರೆ. "ನಮಗೆ ಕೊವಾಲಾ ಇಷ್ಟ, ಮರ ಕಡಿಯಬೇಡಿ" ಅಂತ ನೂರು ಜನ ಬರೆಯುವುದಕ್ಕಿಂತ "ಇಂಥ ದಿನ, ಇಂಥ ಮರದ ಕೆಳಗೆ ಹಿಕ್ಕೆ ಸಿಕ್ಕಿತು, ಫೋಟೋ ಇದೆ, ಜಾಗದ ಗುರುತು ಇದೆ" ಅಂತ ಹತ್ತು ಜನ ಬರೆದರೆ ತೂಕ ಜಾಸ್ತಿ. ಆ ಜಾಗದಲ್ಲಿ ಕೊವಾಲಾ ದಾಖಲೆಯೇ ಇಲ್ಲದಿದ್ದರೆ, ಅಲ್ಲಿ ಕೊವಾಲಾ ಇಲ್ಲ ಅಂತ ವಾದಿಸುವುದು ಸುಲಭ. ಕಂಡಾಗಲೆಲ್ಲ ದಾಖಲಿಸಿ. ಕ್ವೀನ್ಸ್‌ಲ್ಯಾಂಡ್‌ನಲ್ಲಿ ಸರ್ಕಾರದ ಕ್ಯೂ ವೈಲ್ಡ್‌ಲೈಫ್ ಆ್ಯಪ್ ಇದೆ. ಕಂಡ ಜೀವಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ ಆ್ಯಪ್ ಎಲ್ಲ ಕಡೆ ನಡೆಯುತ್ತದೆ.

ಹಿಕ್ಕೆ ಹುಡುಕುವುದನ್ನು ಮಕ್ಕಳ ಜೊತೆ ಮಾಡಿ. ಮರದ ಬುಡದ ಸುತ್ತ ಒಂದು ಮೀಟರ್ ಒಳಗೆ ತರಗೆಲೆ ಸರಿಸಿ ನೋಡಬೇಕು. ಕೊವಾಲಾ ಹಿಕ್ಕೆ ಎರಡು ಸೆಂಟಿಮೀಟರ್‌ಗಿಂತ ಕಡಿಮೆ ಉದ್ದ, ಆಲಿವ್ ಕಾಯಿಯ ಆಕಾರ, ಎಲ್ಲವೂ ಹೆಚ್ಚು ಕಡಿಮೆ ಒಂದೇ ಅಳತೆ. ಹೊಸದಾದರೆ ಹಸಿರು ಮಿಶ್ರಿತ ಕಂದು, ಮೇಲೆ ಹೊಳಪು. ಮುರಿದರೆ ಒಳಗೆ ನುಣ್ಣಗೆ ಅರೆದ ನಾರು, ನೀಲಗಿರಿ ಎಣ್ಣೆಯ ವಾಸನೆ. ಮರದಲ್ಲೇ ಇರುವ ಇನ್ನೊಂದು ಪ್ರಾಣಿ ಪಾಸಮ್, ಅದರ ಹಿಕ್ಕೆ ಅಷ್ಟು ಅಚ್ಚುಕಟ್ಟಾಗಿರುವುದಿಲ್ಲ. ನುಣುಪಾದ ತೊಗಟೆಯ ಮೇಲೆ ಉಗುರಿನ ಗೀರುಗಳೂ ಇರುತ್ತವೆ. ತಜ್ಞರು ಮಾಡುವ ಸಮೀಕ್ಷೆಯಲ್ಲೂ 30 ಮರಗಳ ಬುಡವನ್ನು ಹೀಗೇ ಹುಡುಕುವ ಪದ್ಧತಿ ಇದೆ. ಸನ್‌ಶೈನ್ ಕೋಸ್ಟ್ ಯೂನಿವರ್ಸಿಟಿಯವರು ಇದಕ್ಕೆ ನಾಯಿಗಳನ್ನೇ ಪಳಗಿಸಿದ್ದಾರೆ. ಅವರ ಬೇರ್ ಅನ್ನುವ ನಾಯಿ 2019-20ರ ಕಾಳ್ಗಿಚ್ಚಿನ ನಂತರ ಬದುಕುಳಿದ ಕೊವಾಲಾಗಳನ್ನು ಹುಡುಕಿಕೊಟ್ಟಿತು.

ಪ್ರವೀಣ್, ಲೋಗನ್

ನಾಯಿ ಇವತ್ತಿಂದ ಗ್ಯಾರೇಜಿಗೆ. ಇನ್ನೊಂದು ಪ್ರಶ್ನೆ, ಕೊವಾಲಾ ಕಾಯಿಲೆ ಬಿದ್ದಿದೆ ಅಂತ ನಮ್ಮಂಥವರಿಗೆ ಗೊತ್ತಾಗುವುದು ಹೇಗೆ? ದಿನವಿಡೀ ನಿದ್ದೆ ಮಾಡುತ್ತಲೇ ಇರುತ್ತದೆ.

ವೀಣಾ, ಪಶುವೈದ್ಯೆ, ಸನ್‌ಶೈನ್ ಕೋಸ್ಟ್

ನಿದ್ದೆ ಸಹಜ. ದಿನಕ್ಕೆ 18ರಿಂದ 20 ಗಂಟೆ ವಿಶ್ರಾಂತಿಯಲ್ಲೇ ಇರುತ್ತದೆ. ನೀವು ಗಮನಿಸಬೇಕಾದ್ದು ಕಣ್ಣು ಮತ್ತು ಹಿಂಭಾಗ. ಕಣ್ಣು ಕೆಂಪಗೆ ಊದಿ ಪಿಸುರು ಕಟ್ಟಿದ್ದರೆ, ಹಿಂಭಾಗದ ಬಿಳಿ ಕೂದಲು ಒದ್ದೆಯಾಗಿ ಕಂದು ಬಣ್ಣಕ್ಕೆ ತಿರುಗಿದ್ದರೆ, ಅದು ಕ್ಲಮಿಡಿಯಾ ಇರಬಹುದು. ಹಗಲಲ್ಲಿ ನೆಲದ ಮೇಲೆ ಸುಮ್ಮನೆ ಕೂತಿದ್ದರೆ, ಒಂದೇ ಮರದಲ್ಲಿ ದಿನಗಟ್ಟಲೆ ಕದಲದೆ ಇದ್ದರೆ ಅದೂ ಸರಿ ಇಲ್ಲ. ಫೋನ್ ಮಾಡಿ. ನಿಮ್ಮ ಪ್ರದೇಶದ ವನ್ಯಜೀವಿ ರಕ್ಷಣಾ ತಂಡದ ನಂಬರನ್ನು ಈಗಲೇ ಮೊಬೈಲಿಗೆ ಹಾಕಿಕೊಳ್ಳಿ, ರಾತ್ರಿ ಹೊತ್ತು ಹುಡುಕುತ್ತಾ ಕೂರಬಾರದು.

ಕೈಯಲ್ಲಿ ಹಿಡಿಯಲು ಹೋಗಬೇಡಿ. ಉಗುರು, ಹಲ್ಲು ಎರಡೂ ಜೋರು. ತಂಡ ಬರುವವರೆಗೆ ಜನ, ನಾಯಿ ಹತ್ತಿರ ಬರದಂತೆ ನೋಡಿಕೊಂಡರೆ ಸಾಕು. ನೆಲದಲ್ಲಿ ಏಳಲಾಗದೆ ಬಿದ್ದಿದ್ದರೆ ಬಟ್ಟೆ ಒಗೆಯುವ ಪ್ಲಾಸ್ಟಿಕ್ ಬುಟ್ಟಿಯನ್ನು ಮೇಲಿಂದ ಕವುಚಿ, ಭಾರ ಇಟ್ಟು, ಟವೆಲ್ ಹೊದಿಸಿ.

ನೀರಿನ ವಿಷಯ ಗಟ್ಟಿಯಾಗಿ ಹೇಳುತ್ತೇನೆ. ಬಿಸಿಲಲ್ಲಿ ಬಾಯಾರಿದ ಕೊವಾಲಾಗೆ ಬಾಟಲಿಯಿಂದ ಬಾಯಿಗೆ ನೀರು ಸುರಿಯುವ ವಿಡಿಯೋಗಳು ಓಡಾಡುತ್ತವೆ. ಹಾಗೆ ಮಾಡಬೇಡಿ. ನೀರು ಶ್ವಾಸಕೋಶಕ್ಕೆ ಹೋಗಿ ಸಾಯಬಹುದು. ಬಟ್ಟಲಲ್ಲೋ, ಹೆಲ್ಮೆಟ್ಟಿನಲ್ಲೋ ನೀರು ಹಾಕಿ ಎದುರಿಗೆ ಇಡಿ, ಅದೇ ನೆಕ್ಕಿ ಕುಡಿಯುತ್ತದೆ.

ಇನ್ನು ರಸ್ತೆಯಲ್ಲಿ ಸತ್ತ ಕೊವಾಲಾ ಕಂಡರೆ ದಯವಿಟ್ಟು ಹಾಗೇ ಮುಂದೆ ಹೋಗಬೇಡಿ. ಹೆಣ್ಣಾದರೆ ಹೊಟ್ಟೆಯ ಚೀಲದಲ್ಲಿ ಮರಿ ಜೀವಂತ ಇರಬಹುದು. ಮರಿ ಸುಮಾರು ಆರು ತಿಂಗಳು ಚೀಲದೊಳಗೇ ಇರುತ್ತದೆ. ಮೊಲೆ ಕಚ್ಚಿಕೊಂಡ ಮರಿಯನ್ನು ಎಳೆದು ಬಿಡಿಸಬೇಡಿ, ಬಾಯಿಗೆ ಗಾಯವಾಗುತ್ತದೆ. ಗಾಡಿಯನ್ನು ಕ್ಷೇಮವಾದ ಕಡೆ ನಿಲ್ಲಿಸಿ ರಕ್ಷಣಾ ತಂಡಕ್ಕೆ ತಿಳಿಸಿ, ಅವರು ಹೇಳಿದಂತೆ ಮಾಡಿ.

ಕ್ಲಮಿಡಿಯಾಗೆ ಕೊಡುವ ಆ್ಯಂಟಿಬಯೋಟಿಕ್ ಅದರ ಹೊಟ್ಟೆಯಲ್ಲಿ ಎಲೆ ಜೀರ್ಣಿಸುವ ಸೂಕ್ಷ್ಮಜೀವಿಗಳನ್ನೂ ಕೊಲ್ಲುತ್ತದೆ. ರೋಗ ವಾಸಿಯಾಗಿ ಹೊಟ್ಟೆ ಹಸಿದೇ ಸತ್ತದ್ದುಂಟು. ಅದಕ್ಕೇ ನಮ್ಮ ಕಡೆಯ ಯೂನಿವರ್ಸಿಟಿಯ ಲಸಿಕೆಗೆ 2025ರಲ್ಲಿ ಅನುಮತಿ ಸಿಕ್ಕಾಗ ನಮಗೆಲ್ಲ ಅಷ್ಟು ಸಂತೋಷವಾಯಿತು. ಒಂದೇ ಡೋಸ್ ಸಾಕು. ಆದರೆ ಹಾಕಬೇಕಾದರೆ ಕೊವಾಲಾ ಆಸ್ಪತ್ರೆಗೆ ಬರಬೇಕು, ಬರಬೇಕಾದರೆ ಯಾರೋ ಒಬ್ಬರು ಫೋನ್ ಮಾಡಿರಬೇಕು.

ದೀಪಾ, ಲಿಸ್ಮೋರ್

ಆಸ್ಪತ್ರೆ ಅಂದದ್ದಕ್ಕೆ ಹೇಳುತ್ತೇನೆ. ಪೋರ್ಟ್ ಮಕ್ವಾರಿಯ ಕೊವಾಲಾ ಆಸ್ಪತ್ರೆ 1973ರಲ್ಲಿ ಊರಿನವರೇ ಶುರು ಮಾಡಿದ್ದು. ನಮ್ಮ ಲಿಸ್ಮೋರ್‌ನ ಫ್ರೆಂಡ್ಸ್ ಆಫ್ ದಿ ಕೊವಾಲಾ 1986ರಿಂದ ಇದೆ. ಎರಡೂ ನಿಂತಿರುವುದು ಸ್ವಯಂಸೇವಕರ ಮೇಲೆ. ಜನ ಬಂದ ತಕ್ಷಣ ಕೊವಾಲಾ ಎತ್ತಿಕೊಳ್ಳಬಹುದಾ ಅಂತ ಕೇಳುತ್ತಾರೆ. ಅಲ್ಲಿ ನಿಜವಾಗಿ ಬೇಕಿರುವುದು ಸೊಪ್ಪು ತರುವವರು. ಒಂದು ಕೊವಾಲಾ ದಿನಕ್ಕೆ ಅರ್ಧ ಕಿಲೋ, ಮುಕ್ಕಾಲು ಕಿಲೋ ಎಲೆ ತಿನ್ನುತ್ತದೆ. ಚಿಗುರು ಹಸಿಯಾಗಿರಬೇಕು, ಮೂರ್ನಾಲ್ಕು ಜಾತಿ ಇರಬೇಕು, ಬಾಡಿದರೆ ಮುಟ್ಟುವುದಿಲ್ಲ. ಮಳೆ ಇರಲಿ ಬಿಸಿಲಿರಲಿ ದಿನಾ ಕಡಿದು, ನೀರಿನ ಕೊಳವೆಗಳಲ್ಲಿ ನಿಲ್ಲಿಸಬೇಕು. ನಮ್ಮ ಹಳ್ಳಿಗಳಲ್ಲಿ ಮೇಕೆಗೆ ಸೊಪ್ಪು ತಂದು ಬೆಳೆದವರಿಗೆ ಈ ಕೆಲಸ ಕೈಹಿಡಿಯುತ್ತದೆ. ಬನ್ನಿ.

ಇಲ್ಲೇ ಹತ್ತಿರದ ಬ್ಯಾಂಗಲೋ ಊರಿನಲ್ಲಿ ಬ್ಯಾಂಗಲೋ ಕೊವಾಲಾಸ್ ಅನ್ನುವ ಗುಂಪು 2016ರಲ್ಲಿ ಶುರುವಾಗಿ, ರೈತರ ಜಮೀನುಗಳಲ್ಲಿ ಲಕ್ಷಗಟ್ಟಲೆ ಗಿಡ ನೆಟ್ಟಿದೆ. ಅವರದ್ದು ಚದುರಿಹೋದ ಕಾಡಿನ ತುಂಡುಗಳ ನಡುವೆ ಸೇತುವೆಯ ಹಾಗೆ ಸಾಲು ಹಿಡಿದು ನೆಡುವ ಕ್ರಮ.

ಕಿರಣ್, ಮೆಲ್ಬರ್ನ್

ವಿಕ್ಟೋರಿಯಾದಿಂದ ಒಂದು ಎಚ್ಚರಿಕೆ. ಎಲ್ಲ ಕಡೆ ಸಮಸ್ಯೆ ಒಂದೇ ಅಲ್ಲ. ಕೇಪ್ ಆಟ್ವೇಯಲ್ಲಿ ಕೊವಾಲಾಗಳು ಅತಿಯಾಗಿ ಹೆಚ್ಚಿ, ಮ್ಯಾನಾ ಗಮ್ ಮರಗಳನ್ನೆಲ್ಲ ಬೋಳು ಮಾಡಿ, ಹಸಿವಿನಿಂದ ಸಾಯತೊಡಗಿದವು. 2013-14ರಲ್ಲಿ ಸರ್ಕಾರ ಸುಮಾರು 700 ಕೊವಾಲಾಗಳಿಗೆ ದಯಾಮರಣ ಕೊಡಬೇಕಾಯಿತು. ನೈರುತ್ಯ ಭಾಗದಲ್ಲಿ ಅವು ಬ್ಲೂ ಗಮ್ ತೋಟಗಳಿಗೆ ಸೇರಿಕೊಂಡಿವೆ. ನಮ್ಮ ಊಟಿಯ ನೀಲಗಿರಿ ಮರ ಅದೇ ಜಾತಿ. ಕಟಾವಿನ ದಿನ ಮನೆಯೇ ಹೋಗುತ್ತದೆ. ಇಲ್ಲಿಯ ಕೊವಾಲಾ ಅಳಿವಿನ ಪಟ್ಟಿಯಲ್ಲಿ ಇಲ್ಲ, ಆದರೂ ಹೀಗೆ. ಆದ್ದರಿಂದ ಗಿಡ ನೆಡುವ ಮೊದಲು ಆ ಊರಿನಲ್ಲಿ ಕೆಲಸ ಮಾಡುತ್ತಿರುವವರನ್ನು ಕೇಳಿ.

ಪ್ರವೀಣ್, ಲೋಗನ್

ನಮ್ಮ ಮನೆ ಮುಂದೆ ಸ್ವಲ್ಪ ಜಾಗ ಇದೆ. ಫಾರೆಸ್ಟ್ ರೆಡ್ ಗಮ್ ಒಂದು ನೆಟ್ಟುಬಿಡಲಾ?

ಸುಮಾ, ರೆಡ್‌ಲ್ಯಾಂಡ್ಸ್

ಮುಂದೆ ದೊಡ್ಡ ರಸ್ತೆ ಇದ್ದರೆ ಬೇಡ ಪ್ರವೀಣ್. ಮೇವಿನ ಮರ ರಸ್ತೆ ಅಂಚಿಗೆ ಬಂದರೆ ಕೊವಾಲಾವೂ ರಸ್ತೆಗೇ ಬರುತ್ತದೆ. ಜೊತೆಗೆ ಆ ಮರ 30 ಮೀಟರ್ ದಾಟಿ ಬೆಳೆಯುತ್ತದೆ, ಗೋಡೆಗೆ, ಚರಂಡಿ ಪೈಪಿಗೆ ಅಪಾಯ. ಚಿಕ್ಕ ಸೈಟಿನವರು ಕೌನ್ಸಿಲ್‌ನ ಬುಷ್‌ಕೇರ್ ಅನ್ನುವ, ಕಾಡು ನೋಡಿಕೊಳ್ಳುವ ಸ್ವಯಂಸೇವಕರ ಗುಂಪು ಸೇರಿಕೊಂಡು ಹಳ್ಳದ ಬದಿ, ಮೀಸಲು ಜಾಗದಲ್ಲಿ ನೆಡುವುದು ಉತ್ತಮ. ಅಲ್ಲಿ ಯಾವ ಮಣ್ಣಿಗೆ ಟ್ಯಾಲೋವುಡ್, ಯಾವುದಕ್ಕೆ ಸ್ವಾಂಪ್ ಮಹಾಗನಿ (ಎರಡೂ ಕೊವಾಲಾ ತಿನ್ನುವ ನೀಲಗಿರಿ ಜಾತಿಗಳೇ) ಅಂತ ತಿಳಿದವರು ಇರುತ್ತಾರೆ. ನೆಟ್ಟ ಮೇಲೆ ಕಳೆ ಕೀಳುವುದು, ನೀರು ಹಾಕುವುದೇ ಹೆಚ್ಚಿನ ಕೆಲಸ.

ನಿಮ್ಮ ಹಿತ್ತಲಿಗೆ ಬೇಕಿರುವುದು ಬೇರೆ. ಬೇಲಿ ನುಣುಪಾದ ತಗಡಿನದ್ದಾದರೆ ಒಳಗೊಂದು ಹೊರಗೊಂದು ಮರದ ಕಂಬ ಓರೆಯಾಗಿ ಒರಗಿಸಿ, ಕೊವಾಲಾ ಹತ್ತಿ ದಾಟುತ್ತದೆ. ಈಜುಕೊಳ ಇದ್ದರೆ ದಪ್ಪ ಹಗ್ಗದ ಒಂದು ತುದಿಯನ್ನು ಗಟ್ಟಿ ಕಂಬಕ್ಕೆ ಕಟ್ಟಿ, ಇನ್ನೊಂದು ತುದಿಗೆ ತೇಲುವ ವಸ್ತು ಸಿಕ್ಕಿಸಿ ನೀರಿಗೆ ಬಿಡಿ. ಕೊವಾಲಾಗೆ ಈಜು ಬರುತ್ತದೆ, ನುಣುಪಾದ ಅಂಚು ಹತ್ತಲು ಬರುವುದಿಲ್ಲ. ಹಿಂದಿನ ಆ ಹಳೆಯ ಮರವನ್ನು ಮಾತ್ರ ಎಲೆ ಉದುರುತ್ತದೆ, ಗಟರ್ ಕಟ್ಟಿಕೊಳ್ಳುತ್ತದೆ ಅಂತ ಕಡಿಸಬೇಡಿ. ಹತ್ತು ಸಸಿ ನೆಟ್ಟರೂ ಅದು ಈಗ ಕೊಡುತ್ತಿರುವಷ್ಟು ಮೇವು ಬರಲು ಎಷ್ಟೋ ವರ್ಷ ಬೇಕು.

ಪ್ರವೀಣ್, ಲೋಗನ್

ಬೇಲಿ ತಗಡಿನದ್ದೇ. ಶನಿವಾರ ಕಂಬ ತರುತ್ತೇನೆ. ಎಷ್ಟು ದಪ್ಪ ಇರಬೇಕು?

ಸುಮಾ, ರೆಡ್‌ಲ್ಯಾಂಡ್ಸ್

ಕೊವಾಲಾ ತಬ್ಬಿ ಹತ್ತುವಷ್ಟು, ಅಂದರೆ ನಿಮ್ಮ ತೋಳಿನ ದಪ್ಪಕ್ಕಿಂತ ಸ್ವಲ್ಪ ಜಾಸ್ತಿ. ಬಣ್ಣ, ಪಾಲಿಶ್ ಬೇಡ, ಒರಟಾಗಿಯೇ ಇರಲಿ. ಬೇಲಿಯ ತುದಿ ಮುಟ್ಟಬೇಕು, ಅಲುಗಾಡಬಾರದು. ಪಕ್ಕದ ಮನೆಯವರನ್ನೂ ಒಂದು ಮಾತು ಕೇಳಿ, ಆ ಕಡೆಯ ಕಂಬ ಅವರ ಜಾಗದಲ್ಲಿ ನಿಲ್ಲಬೇಕಲ್ಲ.